ತಿನ್ನುವವರು ಕಾದರೆ ಮರವೂ ಉಳಿಯುತ್ತೆ

ನಮ್ಮ ಹೊಲದ ಪಕ್ಕದ ಹಳ್ಳದ ದಂಡೆಯಲ್ಲಿ ಮೂವತ್ತಕ್ಕೆ ಕಮ್ಮಿ ಇಲ್ಲದಷ್ಟು ಈಚಲು ಮರಗಳಿದ್ದವು. 2016ರಲ್ಲಿ ನಾನೇ ಎದುರು ನಿಂತು ಜೆಸಿಬಿ ತರಿಸಿ ಅವನ್ನೆಲ್ಲ ಕೀಳಿಸಿದೆ. ಹೊಸದಾಗಿ ಬೋರ್ ಕೊರೆಸಿದ್ದೆ. ಎರಡಿಂಚು ನೀರು ಬಿದ್ದಿತ್ತು. ಅಡಿಕೆ ಇಡೋ ಆಸೆ. “ಈಚಲು ಏನಕ್ಕೆ ಬರುತ್ತೆ? ಪೊರಕೆಗೆ ಬಿಟ್ಟರೆ ಹೆಂಡಕ್ಕೆ” ಅಂತ ಊರವರ ಮುಂದೆ ಹೇಳಿದವನೂ ನಾನೇ. ಮೂರನೇ ಬೇಸಿಗೆಗೆ ಬೋರ್ ನಿಂತಿತು. ಅಡಿಕೆ ಒಣಗಿತು. ಈಗ ಅಲ್ಲಿ ಅಡಿಕೆಯೂ ಇಲ್ಲ, ಈಚಲೂ ಇಲ್ಲ. ಜೋರು ಮಳೆ ಬಂದರೆ ದಂಡೆ ಕುಸಿದು ಹೊಲದ ಮಣ್ಣು ಹಳ್ಳಕ್ಕೆ ಹೋಗುತ್ತೆ.

ಅದೇ ಈಚಲು ಮರಕ್ಕೆ ಇನ್ನೊಂದು ಸೀಮೆಯಲ್ಲಿ ಎಂಥಾ ಬೆಲೆ ಐತೆ ಅಂತ ಕಣ್ಣಾರೆ ಕಂಡದ್ದು ಏಳು ವರ್ಷ ಆದ ಮೇಲೆ. ನಮ್ಮಕ್ಕನ ಮಗ ಗಡಿ ಕಾಯೋ ಪಡೆಯಲ್ಲಿದ್ದಾನೆ. ಆಗ ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯಲ್ಲಿದ್ದ, ಕೃಷ್ಣನಗರದಲ್ಲಿ ಬಾಡಿಗೆ ಮನೆ. “ಮಾಮ, ಗಂಗಾಸಾಗರಕ್ಕೆ ಹೋಗ್ಬೇಕು ಅಂತಿದ್ಯಲ್ಲ, ಸಂಕ್ರಾಂತಿಗೆ ಅತ್ತೇನ ಕರ್ಕೊಂಡು ಬಾ” ಅಂದ. 2023ರ ಜನವರಿಯಲ್ಲಿ ಶೇಂಗಾ ಮಾರಿದ ದುಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಹೌರಾ ರೈಲು ಹತ್ತಿದೆವು. ಹತ್ತು ದಿನ ಅಲ್ಲಿದ್ದೆವು.

ಯಾತ್ರೆ ವಿಷಯ ಬರೆಯಾಕೆ ಕೂತಿಲ್ಲ. ಆ ಹತ್ತು ದಿನದಲ್ಲಿ ತಿಂದ ಊಟದ ವಿಷಯ ಬರೀತೀನಿ. ಬೇಸಾಯದ ಪತ್ರಿಕೆಯಲ್ಲಿ ಊಟದ ಮಾತು ಯಾಕೆ ಅಂತ ಕೇಳಬೇಡಿ. ಬೆಳೆ, ಬೀಜ, ಬೆಲೆ ಅಂತ ನಾವು ಮೂವತ್ತು ವರ್ಷ ಮಾತಾಡಿದ್ದೀವಿ. ಬೆಳೆದದ್ದನ್ನು ಯಾರು ಆಸೆಪಟ್ಟು ತಿಂತಾರೆ ಅನ್ನೋದನ್ನು ಮಾತಾಡಿದ್ದು ಕಮ್ಮಿ. ಬೆಳೆ ಹೋಗೋದು ಹೊಲದಿಂದಲ್ಲ, ಮೊದಲು ಅಡುಗೆ ಮನೆಯಿಂದ ಅಂತ ನನಗೀಗ ಅನ್ನಿಸುತ್ತೆ.

ಮಡಕೆ ಕಟ್ಟುವ ಶಿಉಲಿ

ನಮ್ಮ ಹುಡುಗನ ಮನೆ ಮಾಲೀಕರ ಹಳ್ಳಿ ಮಾಜದಿಯಾ ಕಡೆ. ಮಾಜದಿಯಾದಲ್ಲಿ ಚಳಿಗಾಲದಲ್ಲಿ ಈಚಲು ಬೆಲ್ಲದ ದೊಡ್ಡ ಸಂತೆ ಸೇರುತ್ತೆ. ಅವರ ಹಳ್ಳಿಗೆ ಒಂದು ದಿನ ಸಾಯಂಕಾಲ ಹೋಗಿ ಅಲ್ಲೇ ಉಳಿದೆವು. ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸಿದರು. ಹೊರಗೆ ಬಂದರೆ ಮಂಜು, ಕೈ ಕೊರೆಯೋ ಚಳಿ. ಬದುವಿನುದ್ದಕ್ಕೂ ಸಾಲು ಸಾಲು ಮರ. ನೋಡ್ತೀನಿ, ನಮ್ಮ ಈಚಲೇ! ಅದೇ ಮುಳ್ಳಿನ ಗರಿ, ಅದೇ ಒರಟು ಬೊಡ್ಡೆ. ನಮ್ಮನೆಯಾಕೆ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ.

ಮರ ಹತ್ತಿ ರಸ ಇಳಿಸೋನಿಗೆ ಅಲ್ಲಿ ಶಿಉಲಿ ಅಂತಾರೆ. ಕಾರ್ತಿಕದಲ್ಲಿ ಅವನ ಕೆಲಸ ಶುರು. ಮರದ ತಲೆಯ ಒಂದು ಮಗ್ಗುಲಿನ ಗರಿ ತೆಗೆದು, ತೊಗಟೆ ಹೆರೆದು, ಕೆಲವು ದಿನ ಹಾಗೇ ಒಣಗಲು ಬಿಡ್ತಾನೆ. ಆಮೇಲೆ ತೆಳ್ಳಗೆ ಕೆತ್ತಿ, ಬಿದಿರಿನ ಸಣ್ಣ ಕೊಳವೆ ಸಿಕ್ಕಿಸಿ, ಸಂಜೆ ಮಣ್ಣಿನ ಮಡಕೆ ಕಟ್ತಾನೆ. ರಾತ್ರಿಯೆಲ್ಲ ತೊಟ್ಟು ತೊಟ್ಟು ಇಳಿದ ರಸವನ್ನು ಸೂರ್ಯ ಹುಟ್ಟೋದರೊಳಗೆ ಕೆಳಗಿಳಿಸಬೇಕು. ಮಡಕೆಯನ್ನು ದಿನಾ ತೊಳೆದು ಬೆಂಕಿ ಮೇಲೆ ಕಾಯಿಸಿಯೇ ಮತ್ತೆ ಕಟ್ಟೋದು. ಮಡಕೆ ಗಲೀಜಾದರೆ ರಸ ಹುಳಿಯಾಗುತ್ತೆ.

ಒಂದೇ ಮರವನ್ನು ದಿನಾ ಕೆತ್ತಲ್ಲ. ಎರಡು ಮೂರು ದಿನ ಇಳಿಸಿ, ಆಮೇಲೆ ಕೆಲವು ದಿನ ಬಿಡುವು ಕೊಡ್ತಾರೆ. ಬಿಡುವು ಮುಗಿದ ಮೊದಲ ರಾತ್ರಿಯ ರಸಕ್ಕೆ ‘ಜಿರೇನ್’ ಅಂತ ಹೆಸರು. ಅದೇ ಉತ್ತಮ. ಎರಡನೇ ದಿನದ್ದು ‘ದೋಕಾಟ್’, ಒಂದು ಮೆಟ್ಟಿಲು ಕೆಳಗೆ. ಈ ವರ್ಷ ಒಂದು ಮಗ್ಗುಲು ಕೆತ್ತಿದರೆ ಬರೋ ವರ್ಷ ಅದರ ಎದುರಿನ ಮಗ್ಗುಲು. ಹಂಗಾಗಿ ಹಳೇ ಮರದ ಬೊಡ್ಡೆ ಅಂಕುಡೊಂಕಾಗಿ ಮೆಟ್ಟಿಲಿನಂಗೆ ಕಾಣುತ್ತೆ. ಕಚ್ಚುಗಳನ್ನು ಎಣಿಸಿದರೆ ಎಷ್ಟು ವರ್ಷ ರಸ ಕೊಟ್ಟೈತೆ ಅಂತ ಹೇಳಬಹುದು. ಒಂದು ಮರಕ್ಕೆ ಇಪ್ಪತ್ತೆರಡು ಕಚ್ಚು ಎಣಿಸಿದೆ. ನಾನು ಕೀಳಿಸಿದ ಮರಗಳು ಅದಕ್ಕಿಂತ ದೊಡ್ಡವಿದ್ದವು.

ರಸವನ್ನು ಅಗಲವಾದ ಬಾಣಲೆಗೆ ಸೋಸಿ ಹಾಕಿ, ಹುಲ್ಲು ಎಲೆ ಕಡ್ಡಿ ಒಲೆಗಿಟ್ಟು ಕಾಯಿಸ್ತಾರೆ. ಸುಮಾರು ಹತ್ತು ಲೀಟರ್ ರಸಕ್ಕೆ ಒಂದು ಕಿಲೋ ಬೆಲ್ಲ. ಜೇನಿನಂಗೆ ನೀರಾಗಿ ಇಳಿಸಿದರೆ ‘ಝೋಲಾ ಗುಡ್’, ಅಚ್ಚಿಗೆ ಹೊಯ್ದು ಗಟ್ಟಿ ಮಾಡಿದರೆ ‘ಪಾಟಾಲಿ’. ಒಟ್ಟಾರೆ ಈ ಚಳಿಗಾಲದ ಬೆಲ್ಲಕ್ಕೆ ‘ನೊಲೇನ್ ಗುಡ್’ ಅನ್ನುತ್ತಾರೆ. ಅದರ ವಾಸನೆ ಹೇಳಾಕೆ ನನ್ನ ಹತ್ತಿರ ಮಾತಿಲ್ಲ. ಆಲೆಮನೆ ಬೆಲ್ಲದ ವಾಸನೆಗೆ ಸ್ವಲ್ಪ ಹೊಗೆ, ಸ್ವಲ್ಪ ಹೂವು ಸೇರಿಸಿದಂಗೆ ಅನ್ನಬಹುದು.

ಒಂದು ಲೋಟ ಹಸಿ ರಸ ಕೊಡಲು ಬಂದರು. ನಮ್ಮ ಹುಡುಗ ಬೇಡ ಅಂದ. ರಾತ್ರಿ ಬಾವಲಿ ಬಂದು ಮಡಕೆಗೆ ಬಾಯಿ ಹಾಕುತ್ತೆ. ಪಕ್ಕದ ಬಾಂಗ್ಲಾದೇಶದಲ್ಲಿ ಹಸಿ ರಸ ಕುಡಿದವರಿಗೆ ನಿಪಾ ಕಾಯಿಲೆ ಬಂದು ಸತ್ತಿದ್ದಾರೆ. 2018ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡಿತಲ್ಲ, ಅದೇ ನಿಪಾ. ಬಾವಲಿ ಬಾರದಂಗೆ ಮಡಕೆ ಬಾಯಿಗೆ ಬಿದಿರಿನ ತಟ್ಟಿಯೋ ಬಲೆಯೋ ಕಟ್ಟೋದು ಒಳ್ಳೇದು. ಕುದಿಸಿದ ಬೆಲ್ಲಕ್ಕೆ ಆ ಭಯ ಇಲ್ಲ. ಬಿಸಿ ಬೆಲ್ಲವನ್ನು ಬಾಳೆ ಎಲೆ ಚೂರಿನ ಮೇಲೆ ಹಾಕಿ ಕೊಟ್ಟರು, ತಿಂದೆವು.

ಇಲ್ಲಿ ಒಂದು ಮಾತು ಗಮನಿಸಿ. ಬಿಸಿಲೇರಿದರೆ ಅದೇ ರಸ ಹುಳಿಯಾಗಿ ಹೆಂಡ ಆಗುತ್ತೆ. ಅಲ್ಲಿ ಅದಕ್ಕೆ ತಾಡಿ ಅಂತಾರೆ. ಮರ ಒಂದೇ, ರಸ ಒಂದೇ. ನಾವು ಈಚಲಲ್ಲಿ ಹೆಂಡ ಮಾತ್ರ ಕಂಡೆವು. ಅವರು ಬೆಲ್ಲ ಕಂಡರು. ಅಲ್ಲಿನ ಚಳಿ ನಮ್ಮದಕ್ಕಿಂತ ಜಾಸ್ತಿ, ಅದು ಅವರಿಗೆ ಅನುಕೂಲ. ಚಳಿ ಬಿದ್ದು ಆಕಾಶ ತಿಳಿಯಾಗಿದ್ದರೆ ರಸ ಚೆನ್ನ, ಮೋಡ ಕವಿದರೆ ಕೆಟ್ಟಿತು. ಆದರೂ ಚಳಿ ಒಂದರಿಂದಲೇ ಆ ಮರಗಳು ಉಳಿದಿಲ್ಲ. ಆ ಬೆಲ್ಲಕ್ಕಾಗಿ ಎಂಟು ತಿಂಗಳು ಕಾಯೋ ಜನ ಇದ್ದಾರೆ, ಅದಕ್ಕೇ ಉಳಿದಿವೆ.

ಪೌಷದ ಪಿಠೆ

ಅವರ ಪೌಷ ಮಾಸ ಅಂದರೆ ನಮ್ಮ ಧನುರ್ಮಾಸ. ನಮ್ಮಲ್ಲಿ ಬೆಳಗಿನ ಜಾವ ಹುಗ್ಗಿ ಮಾಡಿ ದೇವರಿಗೆ ಎಡೆ ಇಡೋ ಕಾಲ. ಅಲ್ಲಿ ಆಮನ್ ಭತ್ತ ಕೊಯ್ದು ಕಣಜ ತುಂಬಿರುತ್ತೆ. ಅದಕ್ಕೂ ಮೊದಲು, ಅಗ್ರಹಾಯಣ ಮಾಸದಲ್ಲಿ, ‘ನಬಾನ್ನೊ’ ಅಂತ ಹೊಸ ಅಕ್ಕಿಯ ಹಬ್ಬ. ಹೊಸ ಅಕ್ಕಿಗೆ ಹಾಲು, ಬೆಲ್ಲ, ಬಾಳೆಹಣ್ಣು, ತೆಂಗಿನಕಾಯಿ ಸೇರಿಸಿ ದೇವರಿಗೆ ಕೊಟ್ಟು ಆಮೇಲೆ ತಿನ್ನೋದು. ಯಾರಿಗೋ ಪೌಷ ಮಾಸ, ಯಾರಿಗೋ ಸರ್ವನಾಶ ಅಂತ ಅವರಲ್ಲಿ ಗಾದೆ ಐತೆ. ಅಂದರೆ ಪೌಷ ಅಂದರೆ ಸುಗ್ಗಿ, ಹೊಟ್ಟೆ ತುಂಬಿದ ಕಾಲ.

ಸಂಕ್ರಾಂತಿ ಹಿಂದಿನ ದಿನ ಭತ್ತದ ಹುಲ್ಲಿನ ಹುರಿ ಹೊಸೆದು ಕಣಜಕ್ಕೆ, ಪೆಟ್ಟಿಗೆಗೆ ಕಟ್ಟುತ್ತಾರೆ. ಲಕ್ಷ್ಮಿ ಮನೆ ಬಿಟ್ಟು ಹೋಗದಿರಲಿ ಅಂತ. ಹಬ್ಬದ ದಿನ ಮನೆ ತುಂಬ ಪಿಠೆ. ಪಿಠೆ ಅಂದರೆ ಅಕ್ಕಿ ಹಿಟ್ಟಿನ ತಿಂಡಿಗಳು. ನಮ್ಮ ಕಡುಬಿನ ಹಂಗೆ ಹಿಟ್ಟಿನೊಳಗೆ ಕಾಯಿ ಬೆಲ್ಲದ ಹೂರಣ ತುಂಬಿ ಮಡಚಿದ್ದು ಪುಲಿ. ಅದನ್ನೇ ಹಾಲು ಬೆಲ್ಲದಲ್ಲಿ ಕುದಿಸಿದರೆ ದೂಧ್ ಪುಲಿ. ತೆಳ್ಳಗೆ ದೋಸೆ ಹುಯ್ದು ಒಳಗೆ ಹೂರಣ ಇಟ್ಟು ಸುರುಳಿ ಸುತ್ತಿದರೆ ಪಾಟಿಶಾಪ್ಟಾ. ಮಣ್ಣಿನ ತಟ್ಟೆಯಲ್ಲಿ ಹಿಟ್ಟು ಹುಯ್ದು ಮೇಲೆ ಮುಚ್ಚಳ ಮುಚ್ಚಿ ಬೇಯಿಸಿದ್ದು ಆಸ್ಕೆ, ನಮ್ಮ ಪಡ್ಡಿನ ಅಣ್ಣ ಅನ್ನಿ. ಬಿಸಿ ಆಸ್ಕೆಯನ್ನು ನೀರು ಬೆಲ್ಲದಲ್ಲಿ ಅದ್ದಿ ತಿನ್ನಬೇಕು. ಗೆಣಸು ಬೇಯಿಸಿ ಮಿದ್ದು ಮಾಡೋ ಪುಲಿಯೂ ಉಂಟು.

ಮನೆಯ ಹಿರಿಯಮ್ಮನಿಗೆ ನಮ್ಮ ಹುಡುಗ ಮಾಶಿಮಾ ಅಂತಾನೆ, ಚಿಕ್ಕಮ್ಮ ಅಂದಂಗೆ. ಎಪ್ಪತ್ತರ ಮೇಲಾಗಿದೆ. ಹಿಂದೆ ಕಾಲಿನಿಂದ ತುಳಿಯೋ ಒನಕೆಯಲ್ಲಿ ಅಕ್ಕಿ ಕುಟ್ಟುತ್ತಿದ್ದರಂತೆ, ಅದಕ್ಕೆ ಢೇಂಕಿ ಅಂತಾರೆ. ಈಗ ಗಿರಣಿ ಹಿಟ್ಟು. ನಮ್ಮನೆಯಾಕೆ ಅವರ ಪಕ್ಕ ಕೂತು ಪುಲಿ ಮಡಚಿದಳು. ಭಾಷೆ ಬರಲ್ಲ, ಆದರೂ ಇಬ್ಬರೂ ಎರಡು ತಾಸು ಮಾತಾಡಿದರು! ಈ ತಿಂಡಿಯನ್ನು ಬೇಸಿಗೆಯಲ್ಲಿ ಮಾಡೋದಿಲ್ವೇ ಅಂತ ನಮ್ಮ ಹುಡುಗನ ಕೈಲಿ ಕೇಳಿಸಿದಳು. ಮಾಶಿಮಾ ನಕ್ಕು, “ಮಾಘ ಮುಗಿದ ಮೇಲೆ ಬೆಲ್ಲಕ್ಕೆ ಈ ವಾಸನೆ ಎಲ್ಲಿರುತ್ತೆ? ಸಕ್ಕರೆ ಹಾಕಿ ಮಾಡಿದರೆ ಮೊಮ್ಮಕ್ಕಳೂ ಮುಟ್ಟಲ್ಲ” ಅಂದರು. ಆ ಮೊಮ್ಮಕ್ಕಳ ನಾಲಿಗೆಯೇ ಬದುವಿನ ಮರ ಕಾಯ್ತಿರೋದು ಅಂತ ನನಗೆ ಅವತ್ತು ಹೊಳೀತು.

ಪೇಟೆಯಲ್ಲೂ ಇದೇ. ಕೋಲ್ಕತ್ತಾದ ಮಿಠಾಯಿ ಅಂಗಡಿಗಳಲ್ಲಿ ಚಳಿಗಾಲ ಬಂತೆಂದರೆ ನೊಲೇನ್ ಗುಡ್ ಹಾಕಿದ ಸಂದೇಶ್, ರಸಗುಲ್ಲಾ. ಬಿಳೀ ಸಂದೇಶ್ ಕಂದು ಬಣ್ಣಕ್ಕೆ ತಿರುಗುತ್ತೆ. ಜನ ಸಾಲು ನಿಂತು ಕೊಳ್ತಾರೆ. 2025ರಲ್ಲಿ ನೊಲೇನ್ ಗುಡ್ ಸಂದೇಶಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ, ಸಿಕ್ಕಿದೆ.

ಒಂದು ಉಂಡೆ ಉಳಿಸಿದ ಭತ್ತ

ಗಂಗಾಸಾಗರಕ್ಕೆ ಹೋಗುವಾಗ ಸಿಯಾಲ್ದಾ ನಿಲ್ದಾಣದಿಂದ ರೈಲಿನಲ್ಲಿ ಕಾಕದ್ವೀಪಕ್ಕೆ, ಅಲ್ಲಿಂದ ದೊಡ್ಡ ದೋಣಿಯಲ್ಲಿ ಹೊಳೆ ದಾಟಬೇಕು. ದಾರಿಯಲ್ಲಿ ಜಯನಗರ ಅಂತ ಊರು ಸಿಗುತ್ತೆ. ನಮ್ಮ ಬೆಂಗಳೂರಿನ ಜಯನಗರ ಅಲ್ಲ, ದಕ್ಷಿಣ 24 ಪರಗಣ ಜಿಲ್ಲೆಯದು. ರೈಲು ನಿಲ್ಲುತ್ತಲೇ ಕಾಗದದ ಡಬ್ಬಿ ಹಿಡಿದವರು ಬಂದರು. ಒಳಗೆ ‘ಮೋವಾ’ ಅನ್ನೋ ಉಂಡೆ. ಅರಳಿಗೆ ನೊಲೇನ್ ಗುಡ್, ತುಪ್ಪ, ಖೋವಾ ಸೇರಿಸಿ ಕಟ್ಟಿ ಮೇಲೆ ಗೋಡಂಬಿ ದ್ರಾಕ್ಷಿ ಇಟ್ಟಿರ್ತಾರೆ. ಬಾಯಲ್ಲಿಟ್ಟರೆ ಕರಗುತ್ತೆ. ನಾಲ್ಕೈದು ದಿನಕ್ಕಿಂತ ಇಡಾಕೆ ಬರಲ್ಲ.

ಈ ಉಂಡೆಗೆ ಎಲ್ಲಾ ಭತ್ತದ ಅರಳೂ ಆಗಲ್ಲ. ‘ಕನಕಚೂರ್’ ಅನ್ನೋ ಒಂದು ನಾಟಿ ಭತ್ತದ ಅರಳೇ ಬೇಕು. ಅದಕ್ಕೆ ತನ್ನದೇ ಪರಿಮಳ. ಇಳುವರಿ ಕಮ್ಮಿ, ಕೊಯ್ಲಿಗೆ ಬರೋದು ತಡ. ನಾವಾಗಿದ್ದರೆ ಮೊದಲು ಬಿಡುತ್ತಿದ್ದದ್ದೇ ಅಂಥ ತಳಿ! ಅಲ್ಲಿಯೂ ಬಹಳ ಜನ ಬಿಟ್ಟರು, ಸಾಲು ಕಮ್ಮಿಯಾಗಿದೆ. ಆದರೂ ಪೂರ್ತಿ ಹೋಗಿಲ್ಲ. ಉಳಿಸಿರೋದು ಈ ಉಂಡೆ. 2015ರಲ್ಲಿ ಜಯನಗರದ ಮೋವಾಕ್ಕೆ ಜಿಐ ಸಿಕ್ಕಿತು. ಅದರಲ್ಲಿ ಕನಕಚೂರ್ ಅರಳು, ನೊಲೇನ್ ಗುಡ್ ಎರಡೂ ಇರಲೇಬೇಕು. ಪಾಯಸಕ್ಕೆ ಬಳಸೋ ಗೋಬಿಂದೊಭೋಗ್ ಅನ್ನೋ ಸಣ್ಣ ಅಕ್ಕಿಗೂ 2017ರಲ್ಲಿ ಜಿಐ ಬಂತು.

ಬೀಜ ಬ್ಯಾಂಕು ಬೇಡ ಅನ್ನಲ್ಲ. ನಾನೂ ಎರಡು ಬೀಜ ಮೇಳಕ್ಕೆ ಹೋಗಿ ಸಾವೆ, ಕೊರಲೆ ಬೀಜ ತಂದವನೇ. ಮಡಕೆಯಲ್ಲಿಟ್ಟು ಬೂದಿ ಮುಚ್ಚಿದೆ. ಮನೆಯಲ್ಲಿ ಯಾರೂ ಅನ್ನ ಮಾಡಿ ಅಂತ ಕೇಳಲಿಲ್ಲ. ಎರಡನೇ ವರ್ಷಕ್ಕೆ ಹುಳ ಹಿಡಿಯಿತು. ತಿನ್ನೋ ಬಾಯಿ ಇಲ್ಲದ ಬೀಜ ಮಡಕೆಯಲ್ಲೇ ಸಾಯುತ್ತೆ.

ಬಿಸಿಲಿಗಿಟ್ಟ ಬೊಡಿ

ಸಿಹಿ ಮಾತ್ರ ಅಂತ ತಿಳೀಬೇಡಿ. ಅಲ್ಲಿನ ಚಳಿಗಾಲದ ಊಟವೆಲ್ಲ ಆಯಾ ತಿಂಗಳು ಹೊಲದಲ್ಲಿ ಬಂದದ್ದರ ಮೇಲೆಯೇ ನಿಂತಿದೆ. ಹೊಸ ಆಲೂಗಡ್ಡೆ ಬಂತು, ಸಣ್ಣವನ್ನು ಇಡಿಯಾಗಿ ಬೇಯಿಸಿ ಆಲೂರ್ ದೊಮ್. ಹಸಿ ಬಟಾಣಿ ಬಂತು, ರುಬ್ಬಿ ಶುಂಠಿ ಇಂಗು ಹಾಕಿ ಹುರಿದು ಪೂರಿಯೊಳಗೆ ತುಂಬಿ ಕರಿದರೆ ಕಡಾಯಿಶುಟಿರ್ ಕಚೂರಿ. ಎರಡನ್ನೂ ಜೊತೆಯಲ್ಲಿ ತಿನ್ನೋದು ಪದ್ಧತಿ. ಹೂಕೋಸು ಬಂತು, ಸಮೋಸದೊಳಗೂ ಅದೇ, ಮೀನಿನ ಸಾರಿಗೂ ಅದೇ. ಈರುಳ್ಳಿ ಹೂವಿನ ದಂಟನ್ನೂ ಬಿಡಲ್ಲ, ಆಲೂಗಡ್ಡೆ ಜೊತೆ ಪಲ್ಯ ಮಾಡ್ತಾರೆ. ಬದನೆಕಾಯಿ ಕೆಂಡದಲ್ಲಿ ಸುಟ್ಟು ಸಾಸಿವೆ ಎಣ್ಣೆ, ಹಸಿಮೆಣಸಿನಕಾಯಿ ಹಾಕಿ ಕಿವುಚಿದ್ದು ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ತಂಗಿ.

ಬೊಡಿ ಅಂದರೆ ಅವರ ಸಂಡಿಗೆ. ನಾವು ಬೇಸಿಗೆಯಲ್ಲಿ ಇಡ್ತೀವಿ, ಅವರು ಚಳಿಗಾಲದಲ್ಲಿ. ಯಾಕೆ ಅಂತ ನೋಡಿದೆ. ಅವರ ಬೇಸಿಗೆ ಬೆವರು ಸುರಿಯೋ ಬೇಸಿಗೆ, ಸಂಜೆ ಗಾಳಿ ಮಳೆ ಬೇರೆ. ಚಳಿಗಾಲದ ಬಿಸಿಲು ಎಳೆಯದು, ಗಾಳಿ ಒಣ. ಅದೇ ಹೊತ್ತಿಗೆ ಹೊಸ ಉದ್ದು ಕೈಗೆ ಬಂದಿರುತ್ತೆ, ಬೂದುಗುಂಬಳ ಬಲಿತು ಚಾವಣಿ ಮೇಲೆ ಬಿದ್ದಿರುತ್ತೆ. ಎರಡನ್ನೂ ಸೇರಿಸಿ ನೊರೆ ಬರೋವರೆಗೂ ಕೈಯಲ್ಲಿ ಬಡಿದು ಬಟ್ಟೆ ಮೇಲೆ ಇಡೋದು. ಮೇದಿನಿಪುರದ ಹೆಣ್ಣುಮಕ್ಕಳು ಗಸಗಸೆ ಹರಡಿದ ತಟ್ಟೆ ಮೇಲೆ ಒಡವೆ ಆಕಾರದಲ್ಲಿ ಇಡ್ತಾರೆ. ಅದಕ್ಕೆ ಗಹನಾ ಬೊಡಿ, ಒಡವೆ ಸಂಡಿಗೆ ಅಂತ ಹೆಸರು. ಒಣಗಿದ ಬೊಡಿ ಕರಿದು ಪಾಲಕ್, ಮೂಲಂಗಿ, ಬದನೆ, ಚಪ್ಪರದವರೆ ಪಲ್ಯಕ್ಕೆ ಹಾಕ್ತಾರೆ.

ಚಪ್ಪರದವರೆಗೆ ಅಲ್ಲಿ ಶೀಮ್ ಅಂತಾರೆ. ಅದು ನಮ್ಮ ಅವರೆಯ ಜಾತಿಯದೇ. ಅವರು ಎಳೇ ಕಾಯಿ ತಿಂತಾರೆ, ನಾವು ಬಲಿತ ಕಾಳು. ಅದನ್ನು ಕಂಡಾಗ ನಮ್ಮೂರು ನೆನಪಾಯಿತು.

ಅಲ್ಲೂ ಎಲ್ಲಾ ಸರಿಯಿಲ್ಲ

ಬರೀ ಹೊಗಳಿ ಬಂದರೆ ಅರ್ಧ ಸುಳ್ಳಾಗುತ್ತೆ. ಬೆಲ್ಲ ಕಾಯಿಸ್ತಿದ್ದ ಮುದುಕನ ಹತ್ತಿರ ಕೂತು ಕೇಳಿದೆ. ಎಂಬತ್ತು ಮರ ಹತ್ತುತ್ತಾನೆ. ಒಂದೂ ಅವನದಲ್ಲ. ಮರದ ಯಜಮಾನರಿಗೆ ಮರಕ್ಕಿಷ್ಟು ಅಂತ ಬೆಲ್ಲವೋ ದುಡ್ಡೋ ಕೊಟ್ಟು ನಾಲ್ಕು ತಿಂಗಳಿಗೆ ಗುತ್ತಿಗೆ ಹಿಡೀತಾನೆ. ಮಿಕ್ಕ ಕಾಲ ಕೂಲಿ. ಮಗ ಎಲ್ಲಿ ಅಂದರೆ, “ನಿಮ್ಮ ಕಡೆ, ಬೆಂಗಳೂರಲ್ಲಿ. ಕಟ್ಟಡದ ಕಂಬಿ ಕೆಲಸ” ಅಂದ! ಮರ ಹತ್ತೋದು ಅವನಿಗೆ ಬೇಡವಂತೆ. ಬಿದ್ದರೆ ಸೊಂಟ ಮುರಿಯುತ್ತೆ, ಹುಡುಗಿ ಕೊಡೋರೂ ಇಲ್ಲ. ನಮ್ಮ ಹಳ್ಳಿಯ ಮಾತೇ ಕೇಳಿದಂಗಾಯಿತು.

ಎರಡನೇ ಕಂಟಕ ಸಕ್ಕರೆ. ಹತ್ತು ಲೀಟರ್ ರಸ, ಅಷ್ಟೊಂದು ಸೌದೆ, ಜೀವ ಒತ್ತೆ ಇಟ್ಟು ಹತ್ತೋದು, ಇಷ್ಟಾದ ಮೇಲೆ ಒಂದು ಕಿಲೋ ಬೆಲ್ಲ. ಅದಕ್ಕೆ ಸಕ್ಕರೆ ಸುರಿದರೆ ಮೂರು ಕಿಲೋ. ಸಂತೆಯಲ್ಲಿ ಸಕ್ಕರೆ ಬೆರಕೆ ಪಾಟಾಲಿಗಿಂತ ಅಸಲಿಗೆ ಎರಡೂವರೆ ಮೂರು ಪಟ್ಟು ಬೆಲೆ ಹೇಳಿದರು. ಕೊಳ್ಳೋರು ಅಗ್ಗದ್ದಕ್ಕೇ ಮುಗಿಬೀಳ್ತಾರೆ. ಅಸಲಿ ಪಾಟಾಲಿ ಬೆರಳಲ್ಲಿ ಒತ್ತಿದರೆ ಮುರಿಯುತ್ತೆ, ಒಳಗೆ ಮೆತ್ತಗಿರುತ್ತೆ. ಸಕ್ಕರೆಯದು ಕಲ್ಲಿನಂಗೆ ಗಟ್ಟಿ, ಹೊಳಪು ಜಾಸ್ತಿ. ನಮ್ಮ ಕಬ್ಬಿನ ಬೆಲ್ಲದ್ದೂ ಇದೇ ಕಥೆ ತಾನೆ? ಹಳದಿ ಬೆಲ್ಲ ಬೇಕು ಅಂತ ಗಿರಾಕಿ ಕೇಳಿದ, ನಾವು ರಾಸಾಯನಿಕ ಹಾಕಿದೆವು. ಈಗ ಕಪ್ಪು ಬೆಲ್ಲ ಎಲ್ಲಿ ಸಿಗುತ್ತೆ ಅಂತ ಅದೇ ಗಿರಾಕಿ ಹುಡುಕ್ತಾನೆ.

ಮೂರನೇದು ಇಟ್ಟಿಗೆ ಗೂಡು. ಈಚಲು ಮರ ಕಡಿದು ಅಲ್ಲಿಗೆ ಸುಡಲು ಹಾಕಿದ್ದೂ ಉಂಟು. ಬೇರೆ ಕಾಲದಲ್ಲಿ ಬೆಲ್ಲದ ವಾಸನೆ ಬೇಕು ಅನ್ನೋರಿಗೆ ಬಾಟ್ಲಿಯಲ್ಲಿ ಕೃತಕ ಸುವಾಸನೆ ಬಂದಿದೆ. ವರ್ಷವಿಡೀ ಸಿಗೋ ವಾಸನೆಗೆ ಯಾರು ತಾನೆ ಕಾಯ್ತಾರೆ? ಕಾಯೋದು ನಿಂತ ದಿನ ಶಿಉಲಿಯ ಮಡಕೆಯೂ ಇಳಿಯುತ್ತೆ.

ಇನ್ನೊಂದು ವಿಷಯ. ರಸ ಇಳಿಸೋದು ಗಂಡಸಾದರೂ ಕಾಯಿಸೋ ಮನೆಗಳಲ್ಲಿ ಬಹಳ ಕಡೆ ಹೆಂಗಸರ ಕೈಯೇ ಮುಖ್ಯ. ಪಾಕ ಒಂದು ಗಳಿಗೆ ಹೆಚ್ಚಾದರೆ ಸೀಯುತ್ತೆ. 1973ರಲ್ಲಿ ಬಂದ ‘ಸೌದಾಗರ್’ ಅನ್ನೋ ಹಿಂದಿ ಸಿನಿಮಾ ಇದೇ ಕಥೆ. ಬಂಗಾಳಿ ಲೇಖಕ ನರೇಂದ್ರನಾಥ ಮಿತ್ರ ಅವರ ‘ರಸ್’ ಅನ್ನೋ ಕತೆಯಿಂದ ತೆಗೆದದ್ದು, ಅಮಿತಾಭ್ ಬಚ್ಚನ್, ನೂತನ್ ಇದ್ದಾರೆ. ಚೆನ್ನಾಗಿ ಬೆಲ್ಲ ಮಾಡೋ ಹೆಂಡತೀನ ಬಿಟ್ಟು ರೂಪಕ್ಕೆ ಮರುಳಾಗಿ ಇನ್ನೊಬ್ಬಳನ್ನು ಮದುವೆಯಾಗ್ತಾನೆ. ಹೊಸಬಳ ಬೆಲ್ಲ ಸೀದು ಹೋಗುತ್ತೆ, ಗಿರಾಕಿಗಳು ಬಿಟ್ಟು ಹೋಗ್ತಾರೆ. ಬೆಲೆ ತಂದುಕೊಡ್ತಿದ್ದದ್ದು ಯಾರ ಕೈ ಅಂತ ಅವನಿಗೆ ಆಮೇಲೆ ತಿಳಿಯುತ್ತೆ. ನಮ್ಮ ರೈತ ಸಂಘದ ಸಭೆಗಳಲ್ಲಿ ಅಡುಗೆ ಮಾಡೋರನ್ನು ಯಾವತ್ತಾದರೂ ಮುಂದಿನ ಸಾಲಿನಲ್ಲಿ ಕೂರಿಸಿದ್ದೀವಾ?

ನಾವೇನು ಮಾಡಬಹುದು

ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ಒಬ್ಬರು ಅಂದರು: “ಅಣ್ಣ, ಅವರಿಗೆ ಕೋಲ್ಕತ್ತಾ ಐತೆ, ಮಿಠಾಯಿ ತಿನ್ನೋ ಜನ ಅವ್ರೆ. ನಮ್ಮ ಒಣಭೂಮಿಯ ಕಾಳುಕಡ್ಡಿಗೆ ಯಾರು ಕಾಯ್ತಾರೆ?” ಈ ಮಾತನ್ನು ನಾನು ಒಪ್ಪಲ್ಲ. ಸೊಗಡವರೆ ನೋಡಿ. ಡಿಸೆಂಬರ್, ಜನವರಿ ಬಂತೆಂದರೆ ಬೆಂಗಳೂರಿನವರು ಅವರೆಕಾಯಿಗೆ ಕಾದು ಕೂತಿರ್ತಾರೆ. ಅಲ್ಲಿ ಅವರೆ ಮೇಳವೇ ನಡೆಯುತ್ತೆ. ವರ್ಷವಿಡೀ ಬರೋ ಹೆಬ್ಬಾಳ ಅವರೆ ಬಂದಿದ್ದರಿಂದ ರೈತರಿಗೆ ಅನುಕೂಲ ಆಯಿತು, ಸುಳ್ಳಲ್ಲ. ಆದರೂ ಚಳಿ ಮಂಜಿಗೆ ಕಾಯಿ ಕಟ್ಟೋ ನಾಟಿ ಅವರೆಯ ಸೊಗಡು ಬೇಕು ಅಂತ ಮೂಸಿ ನೋಡಿ ಕೊಳ್ಳೋರು ಇನ್ನೂ ಇದ್ದಾರೆ. ಅವರು ಇರೋವರೆಗೆ ಆ ಬೀಜ ಹೋಗಲ್ಲ. ಹಿತಕಿದ ಬೇಳೆ ಸಾರು ಉಳಿಸಿದಷ್ಟು ಅವರೆಯನ್ನು ಯಾವ ಯೋಜನೆಯೂ ಉಳಿಸಿಲ್ಲ.

ಹಂಗಂತ ನಾಳೆಯೇ ಈಚಲಿಗೆ ಮಡಕೆ ಕಟ್ಟಿ ಅನ್ನಲ್ಲ. ನಮ್ಮಲ್ಲಿ ಅದಕ್ಕೆ ಅಬಕಾರಿ ಕಾನೂನು ಅಡ್ಡ ಬರುತ್ತೆ, ಕೆತ್ತಲು ಬರೋ ಕೈಗಳೂ ಕಮ್ಮಿ. ಅಬಕಾರಿ ಇಲಾಖೆಯವರು ಈಚಲನ್ನು ಬೆಲ್ಲದ ಕಣ್ಣಿನಿಂದಲೂ ಒಮ್ಮೆ ನೋಡಲಿ ಅನ್ನೋದು ನನ್ನ ಬೇಡಿಕೆ, ಅಷ್ಟೇ. ಅಲ್ಲಿಯವರೆಗೆ ನಮ್ಮ ಕೈಲಾಗೋದು ಮೂರು ಕೆಲಸ.

ಒಂದು, ಹಳ್ಳದ ದಂಡೆ, ಕೆರೆ ಹಿಂಭಾಗದ ಈಚಲನ್ನು ಕೀಳಬೇಡಿ. ಪೊರಕೆ, ಚಾಪೆ, ಬುಟ್ಟಿ ಹೆಣೆಯೋರಿಗೆ ಗರಿ ಸಿಗುತ್ತೆ, ಗೀಜಗನಿಗೆ ಗೂಡು ಕಟ್ಟಲು ಜಾಗ ಸಿಗುತ್ತೆ, ದಂಡೆ ನಿಲ್ಲುತ್ತೆ. ಇವತ್ತು ಲೆಕ್ಕಕ್ಕೆ ಬಾರದ ಮರ ನಾಳೆ ಏನಕ್ಕೆ ಬರುತ್ತೋ ನಮಗೇನು ಗೊತ್ತು? ನನಗೆ ಗೊತ್ತಿರಲಿಲ್ಲ.

ಎರಡು, ತಿಂಗಳಿಗೊಂದು ಅಡುಗೆ. ನಿಮ್ಮ ಹೊಲದಲ್ಲಿ ಆ ತಿಂಗಳು ಏನು ಬರುತ್ತೋ ಅದರಲ್ಲೇ ಒಂದು ತಿಂಡಿ ಮಕ್ಕಳಿಗೆ ಮಾಡಿಕೊಡಿ. ಹಸಿ ಶೇಂಗಾ ಬೇಯಿಸಿದ್ದು, ತೊಗರಿ ಸೊನೆಕಾಯಿ ಉಪ್ಪು ಹಾಕಿ ಬೇಯಿಸಿದ್ದು, ಸಜ್ಜೆ ರೊಟ್ಟಿ, ನವಣೆ ಹುಗ್ಗಿ, ಹುರುಳಿಕಟ್ಟಿನ ಸಾರು. ನಾವು ಶೇಂಗಾ ಮೂಟೆ ಮಾರಿ ಅದೇ ದುಡ್ಡಿನಲ್ಲಿ ಪ್ಯಾಕೇಟಿನ ಕುರುಕಲು ತಂದುಕೊಡ್ತೀವಿ. ಆಮೇಲೆ ಮಗ ಹೊಲ ಮಾರ್ತಾನೆ ಅಂತ ಅಳ್ತೀವಿ. ನಾಲಿಗೆಯಿಂದ ಹೊಲ ಮೊದಲೇ ಮಾರಿಹೋಗಿರುತ್ತೆ.

ಮೂರು, ಮಾರೋರು ಕಾಲಕ್ಕೆ ಸರಿಯಾಗಿ ಮಾರಿ, ಮುಗಿದ ಮೇಲೆ ಮುಗಿಯಿತು ಅನ್ನಿ. ಬೆರಕೆ ಮಾಡಿ ಉದ್ದ ಎಳೀಬೇಡಿ. ಜಯನಗರದ ಉಂಡೆ ನಾಲ್ಕು ದಿನಕ್ಕೆ ಕೆಡುತ್ತೆ, ಚಳಿ ಹೋದರೆ ಸಿಗಲ್ಲ. ಅದೇ ಅದರ ಬೆಲೆ. ನಮ್ಮೂರ ನಾಲ್ಕು ಮನೆಯವರು ಸೇರಿ ಕಳೆದ ಚಳಿಗಾಲದಲ್ಲಿ ನಾಟಿ ಅವರೆಕಾಯಿಯನ್ನು ಮಧ್ಯವರ್ತಿ ಇಲ್ಲದೆ ಹೆದ್ದಾರಿ ಪಕ್ಕ ಕೂತು ಮಾರಿದೆವು. ಮಂಜು ಆರೋದರೊಳಗೆ ಕಿತ್ತು, ಅವತ್ತಿಂದು ಅವತ್ತೇ. ಹದಿನೆಂಟು ದಿನ ವ್ಯಾಪಾರ ನಡೆಯಿತು. ಕಾರಿನವರು ಕಾಯಿ ಕೈಗೆ ತಗೊಂಡು ಮೂಸಿ ನೋಡಿ ಚೌಕಾಸಿ ಮಾಡದೆ ಕೊಂಡರು. ಸಾಹುಕಾರರೇನೂ ಆಗಲಿಲ್ಲ. ಆದರೆ ಈ ಸಲ ಯಾವಾಗ ಬರುತ್ತೆ ಅಂತ ಇಬ್ಬರು ಈಗಲೇ ಫೋನ್ ಮಾಡಿ ಕೇಳಿದ್ದಾರೆ. ನಮ್ಮ ಬೆಳೆಗೂ ಕಾಯೋರಿದ್ದಾರೆ ಅಂತ ಆಯಿತಲ್ಲ.

2024ರ ಮುಂಗಾರಿನಲ್ಲಿ ಹಳ್ಳದ ದಂಡೆಗೆ ಹನ್ನೆರಡು ಈಚಲು ಸಸಿ ಇಟ್ಟೆ. ಒಂಬತ್ತು ಬದುಕಿವೆ. ಈಚಲು ನಿಧಾನದ ಮರ. ಅವು ಎದೆಯೆತ್ತರ ಆಗೋ ಹೊತ್ತಿಗೆ ನನಗೆ ಅರವತ್ತು ದಾಟಿರುತ್ತೆ. ನಮ್ಮನೆಯಾಕೆ ಮಾತ್ರ ಪ್ರತಿ ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ನಾಲ್ಕು ಪುಲಿ ಕಡುಬು ಮಾಡ್ತಾಳೆ, ಕಬ್ಬಿನ ಬೆಲ್ಲದಲ್ಲೇ. ಮೊಮ್ಮಗಳು ತಿಂತಾ, “ಅಜ್ಜಿ, ಇದು ನಿಜವಾದ ಬೆಲ್ಲದಲ್ಲಿ ಹೆಂಗಿರುತ್ತೆ?” ಅಂತ ಕೇಳ್ತಾಳೆ. ಆಗ ಅವಳು ನನ್ನ ಕಡೆ ನೋಡ್ತಾಳೆ, ಅವತ್ತು ಮಂಜಿನಲ್ಲಿ ನೋಡಿದ ಹಂಗೇ.

ಈ ಸಲ ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಏನು ಮಾಡಿದಿರಿ, ಅದರಲ್ಲಿ ನಿಮ್ಮ ಹೊಲದ್ದು ಎಷ್ಟು, ಅಂಗಡಿಯದು ಎಷ್ಟು ಅಂತ ಲೆಕ್ಕ ಹಾಕಿ ಪತ್ರಿಕೆಗೆ ಒಂದು ಕಾಗದ ಬರೆಯಿರಿ. ನನ್ನ ಲೆಕ್ಕವನ್ನೂ ಬರೆದು ಕಳಿಸ್ತೀನಿ.